ಮೂವತ್ತನಾಲ್ಕು ಪದರಗಳ ಕಂಬ

“...ಆದ್ದರಿಂದ ಮಹನೀಯರೇ, ಒಂದು ಸಮಾಜದ ಯೋಗ್ಯತೆಯನ್ನು ಅದರ ಅರಮನೆಗಳಿಂದ ಅಳೆಯಬಾರದು, ಅದರ ಕಂಬಗಳಿಂದ—” ಎನ್ನುವಷ್ಟರಲ್ಲಿ ಬಾಗಿಲಿನ ಆಚೆ ಯಾರೋ ಕೆಮ್ಮಿದರು.

ಅವನು ಬಾಯಿ ಮುಚ್ಚಿದ. ಇಷ್ಟು ಹೊತ್ತೂ ತಾನು ಮಾತಾಡುತ್ತಿದ್ದುದು ತನ್ನ ಇಲಾಖೆಯ ನಿರ್ದೇಶಕರ ದನಿಯಲ್ಲಿ ಎಂಬುದು ಆಗಲೇ ಗಮನಕ್ಕೆ ಬಂತು. ಮೂಗಿನಿಂದ ಹೊರಟು ಗಂಟಲಿಗೆ ತಡವಾಗಿ ತಲುಪುವ ದನಿ. ಪ್ರತಿ ವಾಕ್ಯದ ಕೊನೆಗೂ ಕುರ್ಚಿ ಎಳೆದುಕೊಂಡು ಕೂರುವ ದನಿ. ಸಂಜೆ ನಾಲ್ಕಕ್ಕೆ ಮಾಡಬೇಕಾದ ಐದು ನಿಮಿಷದ ಭಾಷಣವನ್ನು ಬೆಳಿಗ್ಗೆಯಿಂದ ಮೂರು ಸಲ ಅಭ್ಯಾಸ ಮಾಡಿದ್ದ. ಮೂರು ಸಲವೂ ಬಾಯಿಂದ ಹೊರಬಂದವರು ನಿರ್ದೇಶಕರೇ.

ಬಾಗಿಲನ್ನು ಸರಿಸಿ ಪೇಂಟರ್ ಮೇಸ್ತ್ರಿ ಇಣುಕಿದ. ಅರವತ್ತು ದಾಟಿದ ಮನುಷ್ಯ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ತೊಟ್ಟಿಕ್ಕುವ ಬ್ರಶ್ಶು.

“ಒಬ್ಬರೇ ಇದೀರಾ ಸಾರ್? ಇಬ್ಬರು ಮಾತಾಡಿದ ಹಾಗಿತ್ತು.”

“ಒಬ್ಬನೇ.”

“ಹಂಗಾದ್ರೆ ಸ್ವಲ್ಪ ಆ ಕಡೆ ಸರೀರಿ.”

“ಯಾಕೆ?”

“ಬ್ರಶ್ ಒರೆಸ್ಬೇಕು.”

“ಎಲ್ಲಿಗೆ?”

“ಇಲ್ಲಿಗೇ. ಕಂಬಕ್ಕೆ.”

ಅವನು ಎರಡೂ ಕೈ ಚಾಚಿ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಪ್ಲಾಟ್‌ಫಾರ್ಮಿನಲ್ಲಿ ಹದಿನಾರು ಮರದ ಕಂಬಗಳಿದ್ದವು. ಹದಿನೈದು ಬರೀ ಕಂಬಗಳು. ಇದು ಮಾತ್ರ ಅವನ ಹನ್ನೊಂದು ವರ್ಷ.

ಪ್ರಯಾಣಿಕರು ಕಾಯುವ ಕೋಣೆಯ ಬಾಗಿಲು ಹೊರಕ್ಕೆ ತೆರೆದರೆ ಮರೆಯಾಗುವ ಮೂಲೆಯಲ್ಲಿತ್ತು ಆ ಹದಿನಾರನೆಯದು. ಅದರ ಮೈಯಲ್ಲಿ, ಎದೆಯೆತ್ತರಕ್ಕೆ, ಅವನು ಸಣ್ಣ ಚಾಕುವಿನಿಂದ ನಾಣ್ಯದಗಲದ ಗುಳಿ ಕೊರೆದಿದ್ದ. ಭೂತಗನ್ನಡಿ ಹಿಡಿದರೆ ಗುಳಿಯ ಅಂಚಿನಲ್ಲಿ ಬಣ್ಣದ ಪದರಗಳು, ಕೊರಡಿನ ಉಂಗುರಗಳ ಹಾಗೆ, ಒಂದರೊಳಗೊಂದು. ಕೆನೆ, ಕಂದು, ಹಸಿರು, ಮತ್ತೆ ಕೆನೆ, ನೀಲಿ, ನೀಲಿ, ಕೆಂಪು. ಒಟ್ಟು ಮೂವತ್ತನಾಲ್ಕು. ನಿಲ್ದಾಣಕ್ಕೆ ತೊಂಬತ್ತಮೂರು ವರ್ಷ. ಭಾಗಿಸಿದರೆ ಎರಡೂಮುಕ್ಕಾಲು ವರ್ಷಕ್ಕೊಂದು ಪದರ, ಚಿಲ್ಲರೆ ಕಡಿಮೆ.

ಹಳೆಯ ರೈಲು ನಿಲ್ದಾಣಗಳಿಗೆ ಎಷ್ಟು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಿದ್ದರು ಎಂಬುದೇ ಅವನ ಸಂಶೋಧನೆ. ಲೆಕ್ಕ ಇಟ್ಟ ದಫ್ತರಗಳನ್ನು ಗೆದ್ದಲು ಓದಿ ಮುಗಿಸಿದ್ದರಿಂದ, ಕಂಬವೇ ದಫ್ತರವಾಗಿತ್ತು. ಹಳೆಯ ಕಟ್ಟಡಗಳ ಇಲಾಖೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವುದನ್ನು ಜನ ಬಿಟ್ಟಿದ್ದರು. ಎರಡೂಮುಕ್ಕಾಲು ಬಂದ್ರಾ? ಎರಡೂಮುಕ್ಕಾಲು ರಜೆಯಾ? ಬಾಡಿಗೆ ಮನೆಯ ಯಜಮಾನನೂ ಹಾಗೇ ಕರೆದಾಗ ಅವನಿಗೆ ಮೊದಲ ಸಲ ಸ್ವಲ್ಪ ಗಾಬರಿಯಾಗಿತ್ತು.

ಇವತ್ತು ಸಂಜೆ ಆ ಗುಳಿಯ ಮೇಲೆ ಗಾಜು ಕೂರುತ್ತದೆ. ಗಾಜಿನ ಕೆಳಗೆ ಹಿತ್ತಾಳೆ ಫಲಕ. ಅದಾದ ಮೇಲೆ ಅವನ ಕೈಗೆ ಒಂದು ಲಕೋಟೆ. ಹನ್ನೊಂದು ವರ್ಷ ‘ತಾತ್ಕಾಲಿಕ’ ಆಗಿದ್ದವನು ಖಾಯಂ ಆಗುತ್ತಾನೆ.

“ಇದಕ್ಕೆ ಒರೆಸಬಾರದು ಮೇಸ್ತ್ರಿ,” ಎಂದ ಅವನು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. “ಇದು ಚರಿತ್ರೆ.”

“ಚರಿತ್ರೆಗೇ ಸಾರ್ ಒರೆಸ್ತಿರೋದು. ನಾನು ಕೆಲಸಕ್ಕೆ ಸೇರಿದಾಗಿನಿಂದ ಇದಕ್ಕೇ. ನಮ್ಮಪ್ಪನೂ ಇದಕ್ಕೇ. ಅವರಪ್ಪ ಎಲ್ಲಿಗೆ ಒರೆಸ್ತಿದ್ನೋ ನೋಡಿಲ್ಲ, ಆದ್ರೆ ಅಲೆದಾಡೋ ಮನುಷ್ಯ ಅಲ್ಲ ಅವನು.”

“ಏನಂದ್ರಿ?”

“ಬಾಗಿಲು ತೆಗೆದ್ರೆ ಮರೆಯಾಗುತ್ತಲ್ಲ. ಸಾಹೇಬ್ರು ಬಂದ್ರೂ ಕಾಣ್ಸಲ್ಲ. ಕೆಲಸ ಮುಗೀತು, ಬ್ರಶ್ಶಲ್ಲಿ ಉಳಿದ ಬಣ್ಣ ಎಲ್ಲಿಗೆ ಹಾಕೋದು? ಇಲ್ಲಿ ಎರಡು ಸಲ ಹಿಂದೆ ಮುಂದೆ ಎಳೆಯೋದು, ಮನೆಗೆ ಹೋಗೋದು.”

ಅವನು ಕೈಗಳನ್ನು ಇಳಿಸಲಿಲ್ಲ. ಇಳಿಸಿದರೆ ಏನಾದರೂ ಬೀಳುತ್ತದೆಂಬ ಹಾಗೆ ನಿಂತೇ ಕೇಳಿದ: “ನಿಲ್ದಾಣಕ್ಕೆ ನೀವು ಎಷ್ಟು ಸಲ ಬಣ್ಣ ಹೊಡೆದಿದೀರಿ?”

“ಪೂರ್ತಿ ನಿಲ್ದಾಣಕ್ಕಾ? ಇದು ಎರಡನೇ ಸಲ.”

“ಎರಡನೇ...”

“ನಲವತ್ತು ವರ್ಷದಲ್ಲಿ. ದೊಡ್ಡೋರು ಯಾರಾದ್ರೂ ಬರ್ತಾರೆ ಅಂದ್ರೆ ತಾನೇ ಹೊಡೆಯೋದು? ಈ ಸಲ ನಿಮ್ಮ ದಯೆ.”

“ಮತ್ತೆ ನೀಲಿ?” ಅವನ ದನಿ ಒಡೆಯಿತು. “ನಾಲ್ಕು ಪದರ ನೀಲಿ ಇದೆ. ಒಂದು ಕಾಲದಲ್ಲಿ ಇಡೀ ನಿಲ್ದಾಣ ನೀಲಿಯಾಗಿತ್ತು ಅಲ್ವಾ?”

ಮೇಸ್ತ್ರಿ ಯೋಚಿಸಿದ. ಆಮೇಲೆ ಅವನ ಮುಖ ಬೆಳಗಿತು.

“ಓ, ನೀಲಿನಾ ಸಾರ್? ಅದು ನೀರಿನ ಡ್ರಮ್ಮಿಗೆ!”

ಅವನ ಪ್ರಬಂಧದಲ್ಲಿ ‘ನೀಲಿ ದಶಕ’ ಎಂಬ ಅಧ್ಯಾಯವಿತ್ತು. ನಲವತ್ತೊಂದು ಪುಟ. ಆ ಹತ್ತು ವರ್ಷ ಜನರ ಮನಸ್ಸು ಆಕಾಶದ ಕಡೆ ತಿರುಗಿತ್ತು ಎಂದು ಅದರಲ್ಲಿ ಸಾಧಿಸಿದ್ದ. ‘ಧೂಳಿನ ಗೈರುಹಾಜರಿ’ ಎಂಬ ಇನ್ನೊಂದು ಅಧ್ಯಾಯವಿತ್ತು: ಪದರ ಪದರಗಳ ನಡುವೆ ಧೂಳು, ಹೊಗೆ, ಮಸಿ ಏನೂ ಇಲ್ಲ, ಪ್ರತಿ ಸಲ ಕಂಬವನ್ನು ತೊಳೆದು, ಒರೆಸಿ, ಮಗುವಿಗೆ ಬಟ್ಟೆ ತೊಡಿಸುವ ಹಾಗೆ ಬಣ್ಣ ತೊಡಿಸಿದ್ದಾರೆ, ಎಂಥ ಕಾಳಜಿ! ಧೂಳು ಕೂರುವುದಕ್ಕೆ ಪುರುಸೊತ್ತಾದರೂ ಬೇಡವೇ? ಬೆಳಿಗ್ಗೆ ಬೆಂಚಿನ ಹಸಿರು, ಮಧ್ಯಾಹ್ನ ಡ್ರಮ್ಮಿನ ನೀಲಿ, ಸಂಜೆ ಬೆಂಕಿ ಬಕೀಟಿನ ಕೆಂಪು. ಈ ಮೂರು ಪದರಗಳಲ್ಲಿ ಅವನು ಎಂಟು ವರ್ಷವೆಂದು ಎಣಿಸಿದ್ದು ಒಂದು ಮಂಗಳವಾರ.

ಉಳಿದ ಹದಿನೈದು ಕಂಬಗಳಲ್ಲಿ ಐದೈದೇ ಪದರ ಸಿಕ್ಕಾಗ ಅವನು ಅಳುಕಿರಲಿಲ್ಲ. ಅವುಗಳ ಹಳೆಯ ಬಣ್ಣವನ್ನು ಕೆರೆದು ತೆಗೆದಿರಬೇಕು, ಮರೆಯಲ್ಲಿದ್ದ ಇದೊಂದು ಮಾತ್ರ ಚಾಕುವಿನಿಂದ ತಪ್ಪಿಸಿಕೊಂಡಿದೆ ಎಂದು ಅಡಿಟಿಪ್ಪಣಿ ಬರೆದಿದ್ದ. ಹದಿನೈದು ಸಾಕ್ಷಿಗಳು ಒಂದೇ ಮಾತು ಹೇಳಿದರೂ ಬಾಗಿಲ ಹಿಂದೆ ಅಡಗಿದ್ದವನ ಮಾತನ್ನು ನಂಬುವುದಕ್ಕೆ ಮನುಷ್ಯ ಚೆನ್ನಾಗಿಯೇ ಓದಿರಬೇಕು.

ಬಣ್ಣ ಬಯಲಾಗುವುದು ಎಂದರೆ ಇದೇ ಇರಬೇಕು ಎಂದುಕೊಂಡ. ನಗು ಬಂತು. ನಕ್ಕದ್ದು ಯಾರ ಹಾಗೆ ಎಂದು ಗೊತ್ತಾಗಲಿಲ್ಲ.

“ಮೇಸ್ತ್ರಿ, ಇದನ್ನ ಸಂಜೆ ಅವರ ಮುಂದೆ ಹೇಳ್ತೀರಾ?”

“ಯಾವುದನ್ನ?”

“ಈಗ ಹೇಳಿದ್ದನ್ನ.”

“ನಾನೇನು ಹೇಳಿದೆ ಸಾರ್?”

“ಬ್ರಶ್ ಒರೆಸೋ ವಿಷಯ.”

ಮೇಸ್ತ್ರಿ ಡಬ್ಬಿಯನ್ನು ಕೆಳಗಿಟ್ಟ. ಹಿತ್ತಾಳೆ ಫಲಕ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿತ್ತು. ಅದನ್ನು ತೋರಿಸಿದ.

“ಅದರಲ್ಲಿ ಏನು ಬರೆದಿದೆ ಅಂತ ಸ್ಟೇಷನ್ ಮಾಸ್ಟರ್ ಓದಿ ಹೇಳಿದ್ರು. ಮೂರು ತಲೆಮಾರಿನ ಬಣ್ಣಗಾರರ ಕಾಳಜಿಗೆ ಅಂತ. ನಮ್ಮಪ್ಪ ಬದುಕಿದ್ದಾಗ ಈ ಪ್ಲಾಟ್‌ಫಾರ್ಮಲ್ಲಿ ಅವನನ್ನ ಕೂತ್ಕೋ ಅಂದೋರಿಲ್ಲ. ಈಗ ಹಿತ್ತಾಳೆ ಮೇಲೆ ಕೂರ್ತಾ ಇದಾನೆ. ಕೂರಿಸಿದೋರು ನೀವೇ. ಏಳಿಸ್ಬೇಡಿ.”

ಬ್ರಶ್ಶನ್ನು ಡಬ್ಬಿಯ ಅಂಚಿಗೇ ಒರೆಸಿ ಅವನು ಹೊರಟುಹೋದ.

ನಿರ್ದೇಶಕರು ಸ್ಟೇಷನ್ ಮಾಸ್ಟರ್ ಕೋಣೆಯಲ್ಲಿ ಕುರ್ಚಿಗಳ ನಕ್ಷೆ ನೋಡುತ್ತಿದ್ದರು. ಯಾರು ಯಾರ ಪಕ್ಕ ಕೂರಬಾರದು ಎಂಬುದು ಅವರ ವಿಶೇಷ ಅಧ್ಯಯನದ ವಿಷಯ.

“ಸರ್, ಪದರಗಳ ವಿಷಯದಲ್ಲಿ ಸಣ್ಣ ತೊಡಕು.”

“ಸಣ್ಣದು ತಾನೇ?”

“ದೊಡ್ಡದು ಸರ್.”

“ಈಗ ತಾನೇ ಸಣ್ಣದು ಅಂದ್ರಿ.”

“ಮೂವತ್ನಾಲ್ಕು ಸಲ ಬಣ್ಣ ಹೊಡೆದಿಲ್ಲ. ಐದು ಸಲ. ಅದು ಬ್ರಶ್ ಒರೆಸೋ ಜಾಗ ಸರ್.”

ನಿರ್ದೇಶಕರು ಒಂದು ಕುರ್ಚಿಯನ್ನು ಪೆನ್ಸಿಲ್ಲಿನಿಂದ ಎತ್ತಿ ಇನ್ನೊಂದು ಸಾಲಿಗೆ ಹಾಕಿದರು.

“ಇರಬಹುದು.”

“ಇರಬಹುದು ಅಲ್ಲ ಸರ್. ಖಚಿತ.”

“ಹನ್ನೊಂದು ವರ್ಷದಲ್ಲಿ ನಿಮ್ಮ ಬಾಯಲ್ಲಿ ಖಚಿತ ಅನ್ನೋ ಮಾತು ಇದೇ ಮೊದಲು ಕೇಳಿದ್ದು. ಹುಷಾರಾಗಿದೀರಾ?”

“ಇದೀನಿ ಸರ್.”

“ನಲವತ್ತೆರಡು ನಿಲ್ದಾಣಗಳಿಗೆ ಸುತ್ತೋಲೆ ಹೋಗಿದೆ. ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಕಡ್ಡಾಯ ಬಣ್ಣ. ಹಿಂದೆ ಹೊಡೀತಿರಲಿಲ್ಲ ಅಂತ ಇಟ್ಕೊಳ್ಳಿ. ಇನ್ಮೇಲೆ ಹೊಡೀತಾರೆ. ಅಂದ್ರೆ ನೀವು ಹೇಳಿದ್ದು ನಿಜ ಆಗುತ್ತೆ. ಸ್ವಲ್ಪ ತಡವಾಗಿ.” ಅವರು ತಲೆಯೆತ್ತಿದರು. “ಊಟ ಮಾಡಿ ಬನ್ನಿ. ಒಳ್ಳೆ ಶರಟು ಹಾಕ್ಕೊಳ್ಳಿ.”

ಬಾಗಿಲು ದಾಟುವಾಗ ಅವನು ತುಟಿಯೊಳಗೇ ಹೇಳಿಕೊಂಡ: ‘ಸ್ವಲ್ಪ ತಡವಾಗಿ.’ ಮೂಗಿನಿಂದ ಗಂಟಲಿಗೆ ಇಳಿಯುವ ಆ ಇಳಿಜಾರು ಚೆನ್ನಾಗಿ ಬಂತು. ಇದು ಬೇಡವಾಗಿತ್ತು ಅನ್ನಿಸಿತು.

ಮನೆಯಲ್ಲಿ ಹೆಂಡತಿ ಊಟದ ಮೇಜಿನ ಮೇಲೆ ಗಣಿತದ ಉತ್ತರಪತ್ರಿಕೆಗಳನ್ನು ಹರಡಿಕೊಂಡು ತಿದ್ದುತ್ತಿದ್ದಳು. ಅವನ ತಟ್ಟೆಗೆ ಒಂದು ಮೂಲೆ ಬಿಟ್ಟಿದ್ದಳು.

“ಏನ್ರೀ ಮುಖ ಹಿಂಗಿದೆ?”

ಅವನು ಹೇಳಿದ. ಹೇಳತೊಡಗಿದಾಗ ಸಪ್ಪೆಯಾಗಿತ್ತು. ಆದರೆ ಮೇಸ್ತ್ರಿಯ ಮಾತು ಬಂದಲ್ಲಿ ಕತ್ತು ತಾನಾಗಿ ಓರೆಯಾಯಿತು, ಕೈಗೆ ಇಲ್ಲದ ಡಬ್ಬಿಯ ಭಾರ ಬಂತು. “ನೀಲಿನಾ ಸಾರ್? ಅದು ನೀರಿನ ಡ್ರಮ್ಮಿಗೆ!” ಅವಳ ಕೆಂಪು ಪೆನ್ನು ಜಾರಿಬಿತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಯ್ಯೋ ರೀ, ಇನ್ನೊಂದ್ಸಲ ಮಾಡಿ. ಡ್ರಮ್ಮಿಂದು.”

ಮಾಡಿದ. ಮದುವೆಯಾದ ಹೊಸತರಲ್ಲಿ ಅವಳು ಅವನನ್ನು ಮೆಚ್ಚಿದ್ದೇ ಇದಕ್ಕೆ. ಅವಳ ಅಣ್ಣನ ಹಾಗೆ, ಅವಳ ಸೋದರಮಾವನ ಹಾಗೆ, ಬಸ್ ಕಂಡಕ್ಟರನ ಹಾಗೆ. ಒಬ್ಬನನ್ನು ಕಟ್ಟಿಕೊಂಡರೆ ಊರೇ ಮನೆಗೆ ಬಂದ ಹಾಗೆ ಎಂದು ಗೆಳತಿಯರಿಗೆ ಹೇಳುತ್ತಿದ್ದಳಂತೆ.

ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡಳು. “ಉತ್ತರ ತಪ್ಪು, ಕ್ರಮ ಸರಿ. ನಾನಾಗಿದ್ರೆ ಅರ್ಧ ಮಾರ್ಕು ಕೊಡ್ತಿದ್ದೆ.”

“ಸಂಜೆ ಹೇಳಿಬಿಡ್ಲಾ?”

“ಹೇಳಿದ್ರೆ ಲಕೋಟೆ?”

“ಸಿಗಲ್ಲ.”

“ಹೇಳದಿದ್ರೆ?”

“ಖಾಯಂ.”

ಅವಳು ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಅವನನ್ನೇ ನೋಡಿದಳು. ತಮಾಷೆಯೆಲ್ಲ ಇಳಿದ ನೋಟ.

“ನನಗೆ ಲಕೋಟೆ ಬೇಡ ಅಂತ ಸುಳ್ಳು ಹೇಳಲ್ಲ. ಆದ್ರೆ ನಿಮಗೆ ಏನು ಅನ್ಸುತ್ತೆ ಅದನ್ನ ಹೇಳಿ. ಮೇಸ್ತ್ರಿ ಬೇಡ, ನಿಮ್ಮ ಡೈರೆಕ್ಟರೂ ಬೇಡ. ನೀವು.”

ಅವನು ಬಾಯಿ ತೆರೆದ. ‘ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ ಎಂದರೆ’ ಎಂದು ರೇಡಿಯೋದಲ್ಲಿ ವಾರ್ತೆ ಓದುವವನು ಹೊರಬಂದ. ಗಂಟಲು ಸರಿಮಾಡಿಕೊಂಡ. ಈ ಸಲ ಅವಳ ಅಣ್ಣ. ನೀರು ಕುಡಿದು, ಕಣ್ಣು ಮುಚ್ಚಿ, ಎಲ್ಲಕ್ಕಿಂತ ಕೆಳಗಿನಿಂದ ಎಳೆದು ತಂದ: “ನನಗೆ ಏನು ಅನ್ಸುತ್ತೆ ಅಂದ್ರೆ...” ಮೆತ್ತಗೆ, ಕೊನೆಯಲ್ಲಿ ಸ್ವಲ್ಪ ಏರಿ, ಪ್ರಶ್ನೆಯ ಹಾಗೆ ನಿಂತ ದನಿ. ಅವಳದೇ.

ಅವಳು ನಗಲಿಲ್ಲ.

“ನನ್ನ ಹಾಗೆ ಮಾತಾಡ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ.” ಕೆಂಪು ಪೆನ್ನು ಎತ್ತಿಕೊಂಡಳು. “ಅನ್ನ ತಣ್ಣಗಾಗುತ್ತೆ.”

ನಾಲ್ಕಕ್ಕೆ ಪ್ಲಾಟ್‌ಫಾರ್ಮ್ ಹೊಸ ಬಣ್ಣದ ವಾಸನೆಯಿಂದ ತಲೆ ಸುತ್ತಿಸುತ್ತಿತ್ತು. ನಲವತ್ತು ಕುರ್ಚಿ. ಮುಂದಿನ ಸಾಲಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂರಬಹುದಾದವರು. ಹಿಂದೆ ಮೇಸ್ತ್ರಿ, ಅವನ ತಮ್ಮ, ಅವನ ಅಳಿಯ, ಮೂವರೂ ಕೈ ತೊಳೆದುಕೊಂಡು ಬಂದು ನಿಂತಿದ್ದರು. ಕಾಯುವ ಕೋಣೆಯ ಬಾಗಿಲನ್ನು ಮುಚ್ಚಿದ್ದರಿಂದ ಕಂಬ ಮೊದಲ ಸಲ ಎಲ್ಲರಿಗೂ ಕಾಣುತ್ತಿತ್ತು. ಅದಕ್ಕೆ ಸಂಕೋಚವಾಗುತ್ತಿದೆ ಎಂದು ಅವನಿಗೆ ಅನ್ನಿಸಿತು.

ನಿರ್ದೇಶಕರು ಅವನನ್ನು ಕರೆದರು. ಎದ್ದು ನಿಂತ. ಜೇಬಿನಲ್ಲಿದ್ದ ಭಾಷಣವನ್ನು ಮುಟ್ಟಲಿಲ್ಲ. ಒಂದೇ ವಾಕ್ಯ ಸಾಕು, ಅದನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ: ನಾನು ತಪ್ಪು ಮಾಡಿದ್ದೇನೆ.

“ದಯವಿಟ್ಟು ಗಮನಿಸಿ,” ಎಂದ. ಬಂದದ್ದು ಸ್ಟೇಷನ್ ಮಾಸ್ಟರ್ ದನಿ, ಧ್ವನಿವರ್ಧಕದ ಗೊರಗೊರ ಸಮೇತ. ಜನ ಬೆಚ್ಚಿ ನೋಡಿದರು. ಸ್ಟೇಷನ್ ಮಾಸ್ಟರ್ ಮೊದಲು ನಕ್ಕರು. ಆಮೇಲೆ ನಲವತ್ತು ಕುರ್ಚಿಯೂ ನಕ್ಕಿತು.

ಬೇಡ, ಎಂದುಕೊಂಡ. ಮತ್ತೆ ಶುರುಮಾಡಿದ. “ಒಂದು ಸಮಾಜದ ಯೋಗ್ಯತೆಯನ್ನು...” ನಿರ್ದೇಶಕರು! ಎಲ್ಲರೂ ನಿರ್ದೇಶಕರ ಕಡೆ ತಿರುಗಿದರು. ಅವರೂ ನಕ್ಕುಬಿಟ್ಟರು, ನಗದೆ ಇದ್ದರೆ ಅದು ತಮ್ಮದೇ ದನಿ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಆಗ ಅವನು ಕೈಬಿಟ್ಟ. ಕತ್ತು ಓರೆಯಾಯಿತು. ಎಡಗೈಗೆ ಡಬ್ಬಿ ಬಂತು.

“ಪೂರ್ತಿ ನಿಲ್ದಾಣಕ್ಕಾ? ನಲವತ್ತು ವರ್ಷದಲ್ಲಿ ಇದು ಎರಡನೇ ಸಲ ಸಾರ್. ಈ ಕಂಬಾನಾ? ಇದು ಬ್ರಶ್ ಒರೆಸೋ ಕಂಬ. ಇವರು ಓದಿದೋರು, ಎಣಿಸಿದ್ರು. ನೀಲಿನಾ? ಅದು ನೀರಿನ ಡ್ರಮ್ಮಿಗೆ...”

ಅವನು ಏನನ್ನೂ ಬಿಡಲಿಲ್ಲ. ಡ್ರಮ್ಮು, ಬೆಂಚು, ಬೆಂಕಿ ಬಕೀಟು, ಧೂಳಿಲ್ಲದ ಧೂಳಿನ ಅಧ್ಯಾಯ, ಹದಿನೈದು ಕಂಬಗಳ ಐದೈದು ಪದರ, ನಲವತ್ತೆರಡು ನಿಲ್ದಾಣಗಳ ಸುತ್ತೋಲೆ. ಒಂದೊಂದು ನಿಜಕ್ಕೂ ಒಂದೊಂದು ನಗೆ ಎದ್ದು ತಗಡಿನ ಮಾಡಿಗೆ ಬಡಿಯಿತು. ಮುಂದಿನ ಸಾಲಿನ ಹಿರಿಯ ಮಹಿಳೆಯೊಬ್ಬರು ಹೊಟ್ಟೆ ಹಿಡಿದುಕೊಂಡು, “ಸಾಕಪ್ಪಾ, ಸಾಕು,” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಸ್ತ್ರಿ. “ನೋಡೋ, ನನ್ನ ಹಂಗೇ ಮಾಡ್ತಾರೆ,” ಎಂದು ಅಳಿಯನ ಭುಜಕ್ಕೆ ಬಡಿದ.

“ನಿಜ,” ಎಂದ ಅವನು ಕೊನೆಗೆ. “ಇದೆಲ್ಲ ನಿಜ.” ಅದು ಯಾರ ದನಿಯಲ್ಲಿ ಬಂತೆಂದು ಅವನೇ ಕೇಳಿಸಿಕೊಳ್ಳುವಷ್ಟರಲ್ಲಿ ಚಪ್ಪಾಳೆ ಬಿತ್ತು.

ನಿರ್ದೇಶಕರು ಮೇಲೆದ್ದು ಅವನ ಬೆನ್ನ ಮೇಲೆ ಕೈಯಿಟ್ಟರು. “ನಮ್ಮ ಎರಡೂಮುಕ್ಕಾಲು!” ಎಂದರು ಸಭೆಗೆ. “ತನ್ನ ಸಂಶೋಧನೆಯನ್ನೇ ಗೇಲಿ ಮಾಡಿಕೊಳ್ಳಬಲ್ಲ ವಿದ್ವಾಂಸ. ಇಂಥವರು ಎಷ್ಟು ಜನ ಇದ್ದಾರೆ?” ಬೆನ್ನ ಮೇಲಿನ ಕೈ ಬಿಗಿಯಾಯಿತು. “ಚೆನ್ನಾಗಿತ್ತು,” ಎಂದರು ಅವನ ಕಿವಿಗೆ. “ಸಾಕು.”

ಗಾಜು ಕೂತಿತು. ನಾಲ್ಕು ತಿರುಪು. ಮೇಸ್ತ್ರಿಯನ್ನು ಮುಂದೆ ಕರೆದು ಕೈ ಕುಲುಕಿದರು. “ನಮ್ಮಪ್ಪಂಗೆ ಈ ಕಂಬ ಅಂದ್ರೆ ಪ್ರಾಣ ಸಾರ್,” ಎಂದ ಮೇಸ್ತ್ರಿ, ಕಣ್ಣು ಮಿಟುಕಿಸದೆ. ಖಾಯಂ ಮಾಡುವ ಲಕೋಟೆ ಅವನ ಕೈಗೆ ಬಂತು. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಕೈಗೆ ಗೊತ್ತಿತ್ತು.

ಕುರ್ಚಿಗಳನ್ನು ಮಡಚಿ ಒಯ್ದರು. ನಿರ್ದೇಶಕರ ಕಾರು ಹೋಯಿತು. ಐದೂವರೆಯ ಬಿಸಿಲು ಹಳಿಗಳ ಮೇಲೆ ಉದ್ದಕ್ಕೆ ಮಲಗಿತ್ತು. ಅವನು ಕಂಬದ ಪಕ್ಕದಲ್ಲೇ ಉಳಿದುಕೊಂಡ. ಮನೆಗೆ ಹೋಗಬೇಕೆಂದು ಅನ್ನಿಸಿತು. ಹೋಗಿ ‘ಹೇಳಿದೆ’ ಎನ್ನಬೇಕು. ಹೇಗೆ ಹೇಳಿದ್ರಿ ಎಂದು ಅವಳು ಕೇಳುತ್ತಾಳೆ.

ಮೇಸ್ತ್ರಿ ಮತ್ತು ಅವನ ಜೊತೆಯ ಇಬ್ಬರು ಕೊನೆಯ ಬೆಂಚಿಗೆ ಬಣ್ಣ ಮುಗಿಸಿ ಬಂದರು. ಮೇಸ್ತ್ರಿ ಅಭ್ಯಾಸಬಲದಿಂದ ಬ್ರಶ್ಶನ್ನು ಕಂಬದ ಕಡೆ ಚಾಚಿದ. ಗಾಜು, ಅದರ ಕೆಳಗೆ ತನ್ನಪ್ಪನ ಹಿತ್ತಾಳೆ ಫಲಕ ಕಂಡಿತು. ಚಾಚಿದ ಕೈ ಹಾಗೇ ನಿಂತಿತು. ಅತ್ತ ನೋಡಿದ, ಇತ್ತ ನೋಡಿದ. ಸುತ್ತಲೂ ಎಲ್ಲ ಹೊಸ ಬಣ್ಣ. ನಿಲ್ದಾಣದಲ್ಲಿ ಒರೆಸುವ ಜಾಗ ಒಂದೂ ಉಳಿದಿರಲಿಲ್ಲ.

“ಈಗೇನು ಮಾಡೋದು ಸಾರ್?” ಎಂದ.

ಅವನು ಲಕೋಟೆಯನ್ನು ಜೇಬಿಗೆ ಹಾಕಿಕೊಂಡ. ಶರಟಿನ ತೋಳನ್ನು ಮೊಣಕೈಯವರೆಗೆ ಮಡಚಿದ. ಕೈ ಚಾಚಿದ.

ಮೇಸ್ತ್ರಿ ಒಂದು ಕ್ಷಣ ನೋಡಿದ. ಬ್ರಶ್ಶನ್ನು ಮೊಣಕೈಯಿಂದ ಮಣಿಕಟ್ಟಿಗೆ ಒಮ್ಮೆ, ಮಣಿಕಟ್ಟಿನಿಂದ ಮೊಣಕೈಗೆ ಒಮ್ಮೆ, ತಿರುವಿ ಹಾಕಿ ಎಳೆದ. ಹಸಿರು. ಚರ್ಮಕ್ಕೆ ತಣ್ಣಗೆ ತಗುಲಿತು. ಮೇಸ್ತ್ರಿ ಒರೆಸಿದ ಜಾಗ ಎಂದ ಮೇಲೆ ತಮ್ಮನೂ ಬಂದು ಒರೆಸಿದ. ಕೆನೆ. ಅಳಿಯ ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದ. ಮಾತು ನಿಲ್ಲಿಸದೆ, ಎಲ್ಲಿಗೆ ಒರೆಸುತ್ತಿದ್ದೇನೆಂದು ನೋಡದೆ, ಎರಡು ಸಲ ಹಿಂದೆ ಮುಂದೆ ಎಳೆದುಕೊಂಡು ಮುಂದೆ ಹೋದ.

“ನಾಳೆ ಸಿಗ್ತೀರಾ ಸಾರ್?” ಎಂದು ದೂರದಿಂದ ಮೇಸ್ತ್ರಿ ಕೇಳಿದ. “ಗೇಟಿನ ಕೆಲಸ ಉಳಿದಿದೆ.”

ಅವನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಬಂತು. ಕಾಯುವ ಕೋಣೆಯೊಳಗಿನಿಂದ ಜನ ಪೆಟ್ಟಿಗೆ ಎತ್ತಿಕೊಂಡು ನುಗ್ಗಿದರು. ಬಾಗಿಲು ಧಡಾರನೆ ಹೊರಕ್ಕೆ ತೆರೆದುಕೊಂಡು, ಕಂಬದ ಜೊತೆ ಅವನನ್ನೂ ಮರೆಮಾಡಿ ನಿಂತಿತು.